ಊರಿಗೆ ಹೋಗೋದಾ, ಇಲ್ಲೇ ಉಳಿಯೋದಾ? ಕೋಲಾರಕ್ಕೆ ದುಡಿಯಲು ಬಂದವರಿಗೆ ಕ್ಯಾನ್ಸರ್ ಅಂದಾಗ

ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಈಗ ಬಿಹಾರ, ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಜನ ಬಹಳ. ನಮ್ಮ ಜಿಲ್ಲೆಗೆ ಇದೇನೂ ಹೊಸದಲ್ಲ. ಕೆಜಿಎಫ್ ಬೆಳೆದಿದ್ದೇ ಹೊರಗಿನಿಂದ ಬಂದವರಿಂದ. ಆದರೆ ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಣಿಗೆ ಅದರದ್ದೇ ಆಸ್ಪತ್ರೆ ಇತ್ತು. ಈಗ ಬಂದವರ ಹತ್ತಿರ ಇರೋದು ನಾಲ್ಕೈದು ಜನ ಸೇರಿ ಹಿಡಿದ ಒಂದು ರೂಮು, ಮೇಸ್ತ್ರಿಯ ಫೋನ್ ನಂಬರು, ಮೊಬೈಲಿನಲ್ಲಿ ಆಧಾರ್‌ನ ಫೋಟೋ. ಅಷ್ಟೇ.

ಇವರಲ್ಲಿ ಯಾರಿಗಾದರೂ ಡಾಕ್ಟರು ಕ್ಯಾನ್ಸರ್ ಅಂದರೆ ಅಕ್ಕಪಕ್ಕದವರು ಮೊದಲು ಹೇಳೋದು ಒಂದೇ ಮಾತು: "ಊರಿಗೆ ಕಳಿಸಿಬಿಡಿ." ಕೆಲವು ಸಲ ಅದು ಸರಿ. ಕೆಲವು ಸಲ ಅದರಿಂದ ಜೀವಕ್ಕೇ ಕುತ್ತು. ಯಾವಾಗ ಯಾವುದು ಅಂತ ಹೋಲಿಸಿ ನೋಡೋಕೆ ಈ ಬರಹ. ಬಾಡಿಗೆಗೆ ಮನೆ ಕೊಟ್ಟವರು, ಲೈನ್‌ನಲ್ಲಿ ಜೊತೆಗೆ ಕೆಲಸ ಮಾಡುವವರು, ಸೂಪರ್‌ವೈಸರ್‌ಗಳು, ಎದುರಿನ ಅಂಗಡಿಯವರು ಓದಲಿ ಅಂತ ಬರೆದಿದ್ದೇನೆ. ಕಾಯಿಲೆ ಬಿದ್ದವರು ಸಲಹೆ ಕೇಳೋಕೆ ಬರೋದು ಇವರ ಹತ್ತಿರವೇ ಅಲ್ವಾ.

ನನ್ನ ಪ್ರಕಾರ ಯೋಚಿಸಬೇಕಾದ ಕ್ರಮ ಹೀಗೆ. ಮೊದಲು, ಯಾವ ಚಿಕಿತ್ಸೆ, ಎಷ್ಟು ವಾರ. ಆಮೇಲೆ, ಆ ವಾರಗಳಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ. ಆಮೇಲೆ, ಕೈಯಲ್ಲಿ ಯಾವ ಕಾರ್ಡ್ ಇದೆ. ಆಸ್ಪತ್ರೆಯ ಹೆಸರು ಕೊನೆಗೆ. ನಮ್ಮ ಜನ ಮಾಡೋದು ಪೂರ್ತಿ ಉಲ್ಟಾ. "ದೊಡ್ಡ ಆಸ್ಪತ್ರೆ ಯಾವುದು" ಅಂತಲೇ ಶುರು.

ಬಯಾಪ್ಸಿ ಇಲ್ಲೇ ಆಗಲಿ

ಊರಿಗೆ ಹೋಗೋದಾದರೂ ಸರಿ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಕೈಗೆ ಬರೋವರೆಗೆ ರೈಲು ಹತ್ತಬೇಡಿ. ಪಾಟ್ನಾ ಕಡೆಗೆ ರೈಲಿನಲ್ಲಿ ಎರಡು ದಿನ, ಗುವಾಹಟಿಗೆ ಅದಕ್ಕೂ ಜಾಸ್ತಿ. ಅಲ್ಲಿ ಇಳಿದು, ಎರಡು ದಿನ ಸುಧಾರಿಸಿಕೊಂಡು, ಹಳ್ಳಿಯಿಂದ ಪಟ್ಟಣಕ್ಕೆ ಬಂದು ಮತ್ತೆ ಮೊದಲಿನಿಂದ ಚೀಟಿ ಮಾಡಿಸೋ ಹೊತ್ತಿಗೆ ತಿಂಗಳು ಕಳೆದಿರುತ್ತದೆ. ಗಡ್ಡೆ ಅಲ್ಲಿವರೆಗೆ ಕಾಯುತ್ತಾ ಕೂರಲ್ಲ.

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಬಾಯಿ ಕ್ಯಾನ್ಸರ್ ವಿಷಯದಲ್ಲಂತೂ ಇಲ್ಲಿನ ಡಾಕ್ಟರುಗಳಿಗೆ ಅನುಭವ ಬೇಕಾದಷ್ಟಿದೆ. ನಮ್ಮ ಹಳ್ಳಿಗಳಲ್ಲಿ ಕಡ್ಡಿಪುಡಿ ತಂಬಾಕನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಮಲಗುವ ಹೆಂಗಸರು ಇದ್ದಾರಲ್ಲ, ಆ ಕೇಸುಗಳನ್ನು ಅವರು ಎಷ್ಟೋ ವರ್ಷದಿಂದ ನೋಡುತ್ತಿದ್ದಾರೆ. ಉತ್ತರದಿಂದ ಬಂದವರಲ್ಲಿ ಆ ಜಾಗದಲ್ಲಿ ಖೈನಿ, ಗುಟ್ಕಾ ಇರುತ್ತದೆ. ಬಾಯಲ್ಲಿನ ಹುಣ್ಣು ಮೂರು ವಾರವಾದರೂ ಮಾಯದೆ ಇದ್ದರೆ, ಬಾಯಿ ಪೂರ್ತಿ ತೆರೆಯೋಕೆ ಆಗದಿದ್ದರೆ, ಮೆಡಿಕಲ್ ಸ್ಟೋರಿನ ಮುಲಾಮು ಸಾಕು ಮಾಡಿ ತೋರಿಸಬೇಕು.

ಚಿಕಿತ್ಸೆಯ ಲೆಕ್ಕ ನೋಡಿ ಜಾಗ ಆರಿಸಿ

ಆಪರೇಷನ್, ಕೀಮೋ (ಕ್ಯಾನ್ಸರ್ ಕೊಲ್ಲುವ ಔಷಧಿ), ರೇಡಿಯೇಷನ್. ಈ ಮೂರಕ್ಕೂ ಬೇಕಾಗುವ ಸಮಯ ಬೇರೆ ಬೇರೆ. ಆದ್ದರಿಂದ ಎಲ್ಲಿರಬೇಕು ಅನ್ನೋದೂ ಬೇರೆ.

ಆಪರೇಷನ್ ಮಾತ್ರ ಅಂದರೆ ಸಾಮಾನ್ಯವಾಗಿ ಒಂದೆರಡು ವಾರದ ಆಸ್ಪತ್ರೆ ವಾಸ, ಆಮೇಲೆ ಡ್ರೆಸ್ಸಿಂಗ್, ಚೆಕಪ್. ಇದಕ್ಕೆ ಇಲ್ಲೇ ಇದ್ದು ಮಾಡಿಸಿಕೊಂಡು, ಗಾಯ ಮಾಗಿದ ಮೇಲೆ ಊರಿಗೆ ಹೋಗಿ ಬರಬಹುದು.

ಕೀಮೋ ಎಷ್ಟೋ ಕ್ಯಾನ್ಸರ್‌ಗಳಿಗೆ ಮೂರು ವಾರಕ್ಕೊಮ್ಮೆ ಇರುತ್ತದೆ. ಡ್ರಿಪ್ ಹಾಕಿ ಸಂಜೆ ಮನೆಗೆ ಕಳಿಸುವುದೂ ಉಂಟು. 2025ರಲ್ಲಿ ರಾಜ್ಯ ಸರ್ಕಾರ 16 ಕಡೆ ಡೇ ಕೇರ್ ಕೀಮೋ ಕೇಂದ್ರ ತೆರೆಯಿತು. ಅದರಲ್ಲಿ ಕೋಲಾರ, ತುಮಕೂರು ಎರಡೂ ಇವೆ. ದೊಡ್ಡ ಆಸ್ಪತ್ರೆಯಲ್ಲಿ ಯಾವ ಔಷಧಿ, ಎಷ್ಟು ಡೋಸ್ ಅಂತ ತೀರ್ಮಾನವಾದ ಮೇಲೆ ಮುಂದಿನ ಕೀಮೋ ಹತ್ತಿರದಲ್ಲೇ ಆಗಲಿ ಅನ್ನೋದು ಇದರ ಉದ್ದೇಶ. ಪ್ರತಿ ಸಲ ಬೆಂಗಳೂರಿಗೆ ಅಲೆಯೋದು ತಪ್ಪುತ್ತದೆ. ಮೊದಲ ಕೀಮೋ ಆದ ತಕ್ಷಣ ಡಾಕ್ಟರನ್ನು ಕೇಳಿ: "ಮುಂದಿನದು ಕೋಲಾರದಲ್ಲೇ ಹಾಕಿಸಬಹುದಾ?" ನಾವು ಕೇಳದಿದ್ದರೆ ಅಲ್ಲಿನ ಗದ್ದಲದಲ್ಲಿ ಅವರಾಗಿ ಹೇಳುವುದು ಕಷ್ಟ.

ಕೀಮೋದ ನಿಜವಾದ ತೊಂದರೆ ಆಸ್ಪತ್ರೆಯಲ್ಲಿ ಇರೋದಿಲ್ಲ, ರೂಮಿನಲ್ಲಿ ಇರುತ್ತದೆ. ಔಷಧಿ ಹಾಕಿದ ಮುಂದಿನ ಒಂದೆರಡು ವಾರ ರಕ್ತದಲ್ಲಿ ಬಿಳಿ ಕಣ ಇಳಿದಿರುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೂ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು, ಡೋಲೋ ನುಂಗಿ ಬೆಳಗಾಗಲಿ ಅಂತ ಮಲಗುವ ಹಾಗಿಲ್ಲ. ಶಿಫ್ಟ್ ಮೇಲೆ ಹಾಸಿಗೆ ಹಂಚಿಕೊಂಡು ಎಂಟು ಜನ ಮಲಗುವ ರೂಮಿನಲ್ಲಿ ಒಬ್ಬರಿಗೆ ಕೆಮ್ಮು ನೆಗಡಿ ಬಂದರೂ ಇವರಿಗೆ ಅಪಾಯ. ಆ ಹದಿನೈದು ದಿನಕ್ಕಾದರೂ ಒಂದು ಬೇರೆ ಮೂಲೆ, ಒಂದು ಥರ್ಮಾಮೀಟರ್, ರಾತ್ರಿ ಗಾಡಿ ತೆಗೆಯುವ ಒಬ್ಬ ಮನುಷ್ಯ ಬೇಕೇಬೇಕು. ಈ ಮೂರೂ ಇಲ್ಲಿ ಸಿಗದಿದ್ದರೆ, ಊರಿನಲ್ಲಿ ಹೆಂಡತಿಯೋ ಅಣ್ಣನೋ ಇದ್ದು ಆಸ್ಪತ್ರೆ ಹತ್ತಿರವಿದ್ದರೆ, ಊರೇ ಮೇಲು.

ಇನ್ನು ರೇಡಿಯೇಷನ್. ನಮ್ಮ ಕಡೆ "ಕರೆಂಟ್ ಕೊಡಿಸೋದು" ಅಂತಾರಲ್ಲ, ಅದು. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ದಿನಕ್ಕೆ ಕೆಲವೇ ನಿಮಿಷದ ಕೆಲಸ, ಆದರೆ ದಿನಾ ಹೋಗಲೇಬೇಕು, ಮಧ್ಯೆ ಬಿಟ್ಟರೆ ಗುಣವಾಗುವ ಸಾಧ್ಯತೆಯೇ ಕಡಿಮೆಯಾಗುತ್ತದೆ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಬಸ್ ಹತ್ತಿ, ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರೋದು ಮೊದಲ ಎರಡು ವಾರ ಆಗುತ್ತದೆ. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣಾಗಿ ಎಂಜಲು ನುಂಗೋಕೂ ಆಗದಾಗ ಯಾರಿಂದಲೂ ಆಗಲ್ಲ. ರೇಡಿಯೇಷನ್ ಅಂದರೆ ಆಸ್ಪತ್ರೆ ಪಕ್ಕದಲ್ಲೇ ವಾಸ ಅಂತಲೇ ಲೆಕ್ಕ ಹಾಕಿ. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ. ರೇಡಿಯೇಷನ್ ತಾರೀಖು ಗೊತ್ತಾದ ದಿನವೇ ಅಲ್ಲಿ ಜಾಗ ಕೇಳಿಡಿ.

ಮೂರು ದಾರಿ, ನನ್ನ ತೂಕ

ಕಿದ್ವಾಯಿ 1973ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ. ಎಲ್ಲ ಚಿಕಿತ್ಸೆ ಒಂದೇ ಕಡೆ ಸಿಗುತ್ತದೆ, ಖರ್ಚು ಕಡಿಮೆ, ಹೊರ ರಾಜ್ಯದ ರೋಗಿಗಳನ್ನು ನೋಡಿ ಅಭ್ಯಾಸವಿದೆ. ಕಷ್ಟ ಅಂದರೆ ಜನ. ಒಂದು ಚೆಕಪ್‌ಗೆ ಪೂರ್ತಿ ಒಂದು ದಿನ ಹೋಗುತ್ತದೆ ಅಂತಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಬೇಕು. ಜೊತೆಗೆ ಹೋಗುವವರ ದಿನಗೂಲಿಯೂ ಹೋಗುತ್ತದೆ, ಅದನ್ನೂ ಖರ್ಚಿಗೆ ಸೇರಿಸಿ.

ಟಮಕದ ಆಸ್ಪತ್ರೆಯೋ ವೈಟ್‌ಫೀಲ್ಡ್‌ನ ವೈದೇಹಿಯಂಥ ಮೆಡಿಕಲ್ ಕಾಲೇಜೋ ಆದರೆ ನರಸಾಪುರ, ಮಾಲೂರಿನವರಿಗೆ ಓಡಾಟ ಕಡಿಮೆ. ಆದರೆ ಅಡ್ಮಿಟ್ ಆಗುವ ಮೊದಲೇ ಎರಡು ಪ್ರಶ್ನೆ ಕೇಳಬೇಕು. ಈ ಕಾಯಿಲೆಗೆ ಬೇಕಾದ ಪೂರ್ತಿ ಚಿಕಿತ್ಸೆ ಇಲ್ಲೇ ಆಗುತ್ತಾ? ನಮ್ಮ ಕಾರ್ಡ್ ಈ ಚಿಕಿತ್ಸೆಗೆ ಇಲ್ಲಿ ನಡೆಯುತ್ತಾ? ಆಪರೇಷನ್ ಒಂದು ಕಡೆ, ರೇಡಿಯೇಷನ್ ಇನ್ನೊಂದು ಕಡೆ ಅಂತಾದರೆ ಫೈಲ್ ಹೊತ್ತು ಓಡಾಡೋಕೆ ಒಬ್ಬರು ಗಟ್ಟಿ ಆಳು ಬೇಕು.

ಊರು ಅಂದಾಗ ನಾವು ಒಂದು ತಪ್ಪು ತಿಳಿದಿರುತ್ತೇವೆ. ಉತ್ತರದ ರಾಜ್ಯಗಳಲ್ಲಿ ಆಸ್ಪತ್ರೆಯೇ ಇಲ್ಲ, ಅದಕ್ಕೇ ಎಲ್ಲ ಇಲ್ಲಿಗೆ ಬರುತ್ತಾರೆ ಅಂತ. ಈಗ ಹಾಗಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಕೇಂದ್ರಗಳು ವಾರಾಣಸಿಯಲ್ಲಿ, ಬಿಹಾರದ ಮುಜಫ್ಫರ್‌ಪುರದಲ್ಲಿ, ಗುವಾಹಟಿಯಲ್ಲಿ ಇವೆ. ಅಸ್ಸಾಂ ಸರ್ಕಾರ ಟಾಟಾ ಟ್ರಸ್ಟ್ಸ್ ಜೊತೆ ಸೇರಿ ಜಿಲ್ಲೆಗಳಲ್ಲೇ ಕ್ಯಾನ್ಸರ್ ಆಸ್ಪತ್ರೆ ಕಟ್ಟಿದೆ. 2022ರ ಏಪ್ರಿಲ್‌ನಲ್ಲಿ ಒಂದೇ ದಿನ ಏಳು ಆಸ್ಪತ್ರೆಗಳ ಉದ್ಘಾಟನೆಯಾಯಿತು. ಒಡಿಶಾದವರಿಗೆ ಕಟಕ್‌ನಲ್ಲಿ ಆಚಾರ್ಯ ಹರಿಹರ ಸಂಸ್ಥೆ ಇದೆ. ನೇಪಾಳದಿಂದ ಬಂದು ಹೋಟೆಲಿನಲ್ಲೋ ಕಾವಲಿಗೋ ಇರುವವರಿಗೆ ಭರತ್‌ಪುರದಲ್ಲಿ ಬಿ.ಪಿ. ಕೊಯಿರಾಲಾ ಕ್ಯಾನ್ಸರ್ ಆಸ್ಪತ್ರೆ ಇದೆ. ನಮ್ಮ ದೇಶದ ಸರ್ಕಾರಿ ಕಾರ್ಡುಗಳು ಇಲ್ಲದ ನೇಪಾಳಿಗಳಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ಇಷ್ಟರ ಮೇಲೆ ನನ್ನ ತೀರ್ಮಾನ: ದಿನಾ ನೋಡಿಕೊಳ್ಳುವ ಜನ ಊರಲ್ಲಿದ್ದು, ಆಸ್ಪತ್ರೆ ನೂರು ಕಿಲೋಮೀಟರ್ ಒಳಗಿದ್ದರೆ ಊರು. ಗಂಡ ಹೆಂಡತಿ ಇಬ್ಬರೂ ಇಲ್ಲೇ ಇದ್ದು, ಒಬ್ಬರ ಸಂಬಳವಾದರೂ ನಡೆಯುತ್ತಿದ್ದರೆ ಇಲ್ಲಿ. ಒಂಟಿ ಹುಡುಗ, ಇಎಸ್‌ಐ (ಸಂಬಳದಲ್ಲಿ ಹಣ ಹಿಡಿದು ಕೊಡುವ ಕಾರ್ಮಿಕರ ವಿಮೆ) ಇಲ್ಲ, ರೇಡಿಯೇಷನ್ ಬೇಕು ಅಂದರೆ ಹೆಚ್ಚು ಯೋಚಿಸದೆ ಊರು. ರಕ್ತದ ಕ್ಯಾನ್ಸರ್ ಬಂದ ಮಗುವಿಗಾದರೆ ಚಿಕಿತ್ಸೆ ಎರಡು ಮೂರು ವರ್ಷ ಹಿಡಿಯಬಹುದು. ಅಷ್ಟು ಕಾಲ ಎಲ್ಲಿ ಇರೋಕೆ ಆಗುತ್ತೋ ಅಲ್ಲೇ ಮೊದಲ ದಿನದಿಂದ ಶುರು ಮಾಡಿ. ಮಧ್ಯದಲ್ಲಿ ಜಾಗ ಬದಲಿಸೋದು ಯಾರಿಗೂ ಒಳ್ಳೆಯದಲ್ಲ, ಮಕ್ಕಳಿಗಂತೂ ಅಲ್ಲವೇ ಅಲ್ಲ.

ಕಾರ್ಡುಗಳಲ್ಲಿ ಯಾವುದು ಮೊದಲು

ಪೇ ಸ್ಲಿಪ್ ತೆಗೆಸಿ ನೋಡಿ. ಇಎಸ್‌ಐ ಅಂತ ಹಣ ಹಿಡಿದಿದ್ದರೆ ಬೇರೆ ಯಾವ ಕಾರ್ಡಿಗಿಂತ ಮೊದಲು ಅದೇ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇದು ಅನ್ವಯ. ಕೆಲಸದವರ ಕಡೆಯಿಂದ ಸಂಬಳದ ಶೇ. 0.75, ಕಂಪನಿಯಿಂದ ಶೇ. 3.25 ಹೋಗುತ್ತದೆ. ಎಷ್ಟೋ ಹುಡುಗರಿಗೆ ತಮ್ಮ ದುಡ್ಡು ಹೀಗೆ ಹೋಗುತ್ತಿದೆ ಅನ್ನೋದೇ ಗೊತ್ತಿರಲ್ಲ. ಬೇರೆ ಸ್ಕೀಮುಗಳು ಆಸ್ಪತ್ರೆ ಖರ್ಚು ಕೊಡುತ್ತವೆ, ಇಎಸ್‌ಐ ಸಂಬಳದ ಭಾಗವನ್ನೂ ಕೊಡುತ್ತದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ, ಎರಡು ವರ್ಷ ಕೆಲಸ ಮಾಡಿ ವಂತಿಗೆ ಸರಿಯಾಗಿ ಕಟ್ಟಿದ್ದರೆ, ಸಂಬಳದ ಶೇ. 80ರಷ್ಟು ಗರಿಷ್ಠ ಎರಡು ವರ್ಷದವರೆಗೆ ಸಿಗುತ್ತದೆ. ಊರಲ್ಲಿರುವ ಕುಟುಂಬಕ್ಕೆ ಅಲ್ಲಿನ ಡಿಸ್ಪೆನ್ಸರಿ, ಇವರಿಗೆ ಇಲ್ಲಿನದು ಅಂತ ಎರಡು ಡಿಸ್ಪೆನ್ಸರಿ ಇಟ್ಟುಕೊಳ್ಳುವ ಅವಕಾಶವೂ ಇದೆ.

ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತೇನೆ. ಮೇಸ್ತ್ರಿ ಬಂದು "ಭಯ್ಯಾ, ಊರಿಗೆ ಹೋಗಿ ಹುಷಾರಾಗಿ ಬಾ, ಇಲ್ಲೊಂದು ಸೈನ್ ಹಾಕು" ಅಂದರೆ ಆ ಕಾಗದದಲ್ಲಿ ಏನಿದೆ ಅಂತ ನೀವು ಓದಿ ಹೇಳಿ. ಅದು ರಾಜೀನಾಮೆ ಆಗಿದ್ದರೆ ಸೈನ್ ಹಾಕೋದು ಬೇಡ. ರಜೆ ಬೇರೆ, ಕೆಲಸ ಬಿಡೋದು ಬೇರೆ. ಗೊಂದಲವಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಫೋನ್ ಮಾಡಿ ಕೇಳಬಹುದು.

ಇಎಸ್‌ಐ ಇಲ್ಲದವರಿಗೆ ಆಯುಷ್ಮಾನ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಬಿಹಾರದಲ್ಲಿ ಮಾಡಿಸಿದ ಕಾರ್ಡಾದರೂ ಯೋಜನೆಯಲ್ಲಿರುವ ಆಸ್ಪತ್ರೆ ದೇಶದಲ್ಲಿ ಎಲ್ಲಿದ್ದರೂ ನಡೆಯಬೇಕು. ಸಿಕ್ಕಿಕೊಳ್ಳೋದು ಹೆಸರಿನ ಅಕ್ಷರದಲ್ಲಿ. ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಥರ ಇದ್ದರೆ ಕೌಂಟರಿನಲ್ಲಿ ನಿಂತೇ ಇರಬೇಕಾಗುತ್ತದೆ. ಕಾರ್ಡ್ ಮಾಡಿಸಿಲ್ಲ ಅಂದರೆ ಊರಲ್ಲಿರುವವರಿಗೆ ಇವತ್ತೇ ಫೋನ್ ಮಾಡಿಸಿ, ಪಟ್ಟಿಯಲ್ಲಿ ಮನೆಯವರ ಹೆಸರಿದೆಯಾ ನೋಡಲಿ. 14555ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ. ನಮ್ಮ ಬಿಪಿಎಲ್ ಕಾರ್ಡ್ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುವ ಏಜೆಂಟರ ಹತ್ತಿರ ಮಾತ್ರ ಹೋಗಬೇಡಿ. ಊಟದ ರೇಷನ್ ಆದರೆ ಊರಿನ ಕಾರ್ಡಿನ ಮೇಲೇ ಇಲ್ಲಿನ ಸೊಸೈಟಿಯಲ್ಲಿ ಸಿಗುತ್ತದೆ, ಒಂದು ದೇಶ ಒಂದು ಪಡಿತರ ಚೀಟಿ ಇರೋದು ಅದಕ್ಕೇ.

ಕಟ್ಟಡ ಕೆಲಸದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಮೊದಲೇ ನೋಂದಣಿ ಮಾಡಿಸಿದ್ದರೆ ದೊಡ್ಡ ಕಾಯಿಲೆಗೆ 2 ಲಕ್ಷದವರೆಗೆ ನೆರವಿದೆ. ಅದು ಖರ್ಚಾದ ಮೇಲೆ ಬಿಲ್ ಇಟ್ಟು ಕೇಳುವ ಹಣ, ಆದ್ದರಿಂದ ಮೊದಲ ವಾರದ ಕಷ್ಟಕ್ಕೆ ಇದನ್ನು ನಂಬಬೇಡಿ. ಒಂದು ಸಣ್ಣ ವಿಷಯ, ಆದರೆ ಬಸ್ಸಿನಲ್ಲಿ ಮುಜುಗರ ಆಗುತ್ತದೆ: ಶಕ್ತಿ ಯೋಜನೆಯ ಉಚಿತ ಟಿಕೆಟ್ ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ ಮಾತ್ರ. ಒಡಿಶಾ ಆಧಾರ್ ಇರುವ ಹೆಣ್ಣುಮಗಳು ಕಿದ್ವಾಯಿಗೆ ಹೊರಟರೆ ಟಿಕೆಟ್ ದುಡ್ಡು ಕೈಯಲ್ಲಿರಲಿ. ಬಸ್ಸಿಗೋಸ್ಕರ ಅಂತ ಚಿಕಿತ್ಸೆ ಮಧ್ಯೆ ಆಧಾರ್ ವಿಳಾಸ ತಿದ್ದಿಸೋಕೆ ಹೋಗಬೇಡಿ, ಆಸ್ಪತ್ರೆಯ ಕಾಗದಪತ್ರ ಹೊಂದದೆ ಹೊಸ ತಲೆನೋವು.

ಯಾರಿಂದ ಯಾವ ಸಹಾಯ

ಎಲ್ಲರೂ ಎಲ್ಲ ಸಹಾಯ ಮಾಡೋಕೆ ಹೋಗಿ ಎರಡನೇ ವಾರಕ್ಕೆ ಎಲ್ಲರೂ ಸುಸ್ತಾಗುತ್ತಾರೆ. ಒಬ್ಬರು ಒಂದೇ ಕೆಲಸ ಹಿಡಿದರೆ ಕೊನೆತನಕ ನಡೆಯುತ್ತದೆ.

ಒಂದೇ ಊರಿನ ಹುಡುಗರು ರಾತ್ರಿ ಕಾಯೋಕೆ, ಊರಿನ ಅಡುಗೆ ಮಾಡೋಕೆ, ಅತ್ತರೆ ಅವರ ಭಾಷೆಯಲ್ಲಿ ಸಮಾಧಾನ ಹೇಳೋಕೆ ಸರಿ. ಫಾರಂ ತುಂಬೋದು ಅವರಿಂದ ಆಗದಿರಬಹುದು, ಅವರಿಗೂ ಇಲ್ಲಿನದು ಹೊಸದು. ಇಎಸ್‌ಐ ವಿಷಯಕ್ಕೆ ಕಂಪನಿಯ ಎಚ್‌ಆರ್‌ನವರೇ ಬೇಕು. ಹಣ ಕೂಡಿಸೋದು ಸೂಪರ್‌ವೈಸರ್ ಮುಂದೆ ನಿಂತರೆ ಬೇಗ ಆಗುತ್ತದೆ, ಆದರೆ ಲೆಕ್ಕ ಮನೆಯವರಿಗೆ ಕಾಣುವ ಹಾಗಿರಲಿ, ರೋಗಿಯ ಫೋಟೋ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತೋದು ಬೇಡ. ಕೇಳದೆ ಫೋಟೋ ಹಾಕೋದು ಎಷ್ಟು ನೋವು ಕೊಡುತ್ತದೆ ಅಂತ ಹಾಕುವವರಿಗೆ ಗೊತ್ತಾಗಲ್ಲ. ಆಸ್ಪತ್ರೆಯೊಳಗೆ ಸಮಾಜ ಕಾರ್ಯಕರ್ತರು ಇರುತ್ತಾರೆ. ಯಾವ ನಿಧಿಗೆ ಯಾವ ಅರ್ಜಿ ಅನ್ನೋದು ಅವರಿಗೆ ಗೊತ್ತು. ಡಾಕ್ಟರನ್ನು ನೋಡಿದ ದಿನವೇ ಅವರನ್ನೂ ನೋಡಿ.

ಭಾಷೆಗೆ ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲವಿದೆ. ಕೋಲಾರ, ಮುಳಬಾಗಿಲು ಎರಡೂ ಕಡೆ ಉರ್ದು ಮಾತಾಡುವ ಮನೆಗಳಿವೆ. ಅವರ ಮಾತು ಹಿಂದಿ ಬಲ್ಲವರಿಗೆ ಅರ್ಥವಾಗುತ್ತದೆ, ಅವರಿಗೆ ಕನ್ನಡವೂ ಗೊತ್ತು. ಡಾಕ್ಟರ ಮುಂದೆ ಕೂರೋಕೆ ಅಂಥ ಒಬ್ಬರು ದೊಡ್ಡವರನ್ನು ಒಪ್ಪಿಸಿ. ಶಾಲೆಗೆ ಹೋಗಿ ಕನ್ನಡ ಕಲಿತ ಹತ್ತು ವರ್ಷದ ಮಗಳಿಂದ "ನಿಮ್ಮಪ್ಪನಿಗೆ ಹೀಗಾಗಿದೆ" ಅಂತ ಹೇಳಿಸಬೇಡಿ. ಇದನ್ನು ನೋಡಿದ್ದೇನೆ, ನೋಡೋಕಾಗಲ್ಲ.

ಮನೆ ಓನರ್ ಏನು ಮಾಡಬಹುದು ಅಂದರೆ, ಮೊದಲು ಮನೆ ಖಾಲಿ ಮಾಡಿ ಅನ್ನದೇ ಇರಬಹುದು. ಕ್ಯಾನ್ಸರ್ ಅಂಟು ರೋಗ ಅಲ್ಲ, ತಟ್ಟೆ ಲೋಟದಿಂದ ಬರಲ್ಲ. ಇನ್ನೊಂದು, ಮಿಕ್ಸಿ. ಬಾಯಿಗೆ ರೇಡಿಯೇಷನ್ ಆಗುತ್ತಿರುವ ಕೆಲವರಿಗೆ ಮೂಗಿನಿಂದ ಪೈಪ್ ಹಾಕಿರುತ್ತಾರೆ. ಅದರಲ್ಲಿ ಹೋಗೋದು ನೀರಿನಷ್ಟು ತೆಳ್ಳಗಿನ ಊಟ ಮಾತ್ರ. ಅನ್ನ, ಬೇಳೆ, ಬೇಯಿಸಿದ ಕ್ಯಾರೆಟ್, ಒಂದು ಚಮಚ ಎಣ್ಣೆ ಹಾಕಿ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಬೇಕು. ಸೋಸದಿದ್ದರೆ ಒಂದು ಬೇಳೆ ಸಿಪ್ಪೆ ಸಾಕು, ಪೈಪ್ ಕಟ್ಟಿ ಮತ್ತೆ ಆಸ್ಪತ್ರೆ. ರಾಗಿ ಅಂಬಲಿಯನ್ನೂ ಹೀಗೇ ಸೋಸಿ ಕೊಡಬಹುದು. ಹಾಕಿದ ಮೇಲೆ ಸ್ವಲ್ಪ ನೀರು ಬಿಟ್ಟು ಪೈಪ್ ತೊಳೆಯಬೇಕು. ಒಂದೇ ಒಲೆಯ ರೂಮಿನಲ್ಲಿರುವ ಹುಡುಗರ ಹತ್ತಿರ ಮಿಕ್ಸಿ ಎಲ್ಲಿಂದ ಬರಬೇಕು? "ಆಂಟಿ, ಥೋಡಾ ಪೀಸ್ ದೋ" (ಸ್ವಲ್ಪ ರುಬ್ಬಿಕೊಡಿ) ಅಂತ ಡಬ್ಬಿ ಹಿಡಿದು ಬಂದಾಗ ಎರಡು ನಿಮಿಷ ಮಿಕ್ಸಿ ಓಡಿಸಿದರೆ ಅವರು ಕೊಡುವ ಸಾವಿರ ರೂಪಾಯಿ ಬಾಡಿಗೆ ಬಿಟ್ಟಿದ್ದಕ್ಕಿಂತ ದೊಡ್ಡ ಉಪಕಾರ.

ಹೊರಡೋದಾದರೆ ಏನೇನು ಹಿಡಿದುಕೊಳ್ಳಬೇಕು

ಊರಿಗೆ ಅಂತ ತೀರ್ಮಾನವಾದರೆ ಬರೀ ರಿಪೋರ್ಟಿನ ಜೆರಾಕ್ಸ್ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡುಗಳು ಮತ್ತು ತೆಗೆದ ಚೂರನ್ನು ಇಟ್ಟಿರುವ ಮೇಣದ ಬ್ಲಾಕ್ ಕೇಳಿ ತಗೊಳ್ಳಿ. ಅಲ್ಲಿನ ಡಾಕ್ಟರು ಅದನ್ನೇ ಮತ್ತೆ ನೋಡುತ್ತಾರೆ, ಇನ್ನೊಂದು ಸಲ ಕೊಯ್ಯೋದು ತಪ್ಪುತ್ತದೆ. ಸ್ಕ್ಯಾನಿನ ಸಿಡಿ, ಡಿಸ್ಚಾರ್ಜ್ ಸಮ್ಮರಿ, ಕೀಮೋ ಆಗಿದ್ದರೆ ಯಾವ ಔಷಧಿ, ಎಷ್ಟು ಡೋಸ್, ಯಾವ ತಾರೀಖು ಅನ್ನೋ ಚಾರ್ಟ್. ಎಲ್ಲದರ ಫೋಟೋ ತೆಗೆದು ಎರಡು ಮೊಬೈಲ್‌ನಲ್ಲಿ ಇಡಿ. ರೇಡಿಯೇಷನ್ ಶುರುವಾಗಿದ್ದರೆ ಮಾತ್ರ ಮುಗಿಯುವವರೆಗೆ ಹೊರಡಲೇಬಾರದು.

ರೈಲಿನಲ್ಲಿ ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ. ರೈಲ್ವೆಯ ನಮೂನೆಯಲ್ಲೇ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಡಿಸ್ಚಾರ್ಜ್ ಆಗೋ ಮೊದಲೇ ಸೀಲು ಹಾಕಿಸಿಕೊಳ್ಳಿ, ಆಮೇಲೆ ಅದಕ್ಕೋಸ್ಕರ ಒಂದು ದಿನ ಓಡಾಡಬೇಕಾಗುತ್ತದೆ.

ಗುಣವಾಗಲ್ಲ ಅಂದಾಗ

ಡಾಕ್ಟರು "ಇನ್ನು ನೋವು ಕಡಿಮೆ ಮಾಡೋದಷ್ಟೇ" ಅಂದರೆ ಲೆಕ್ಕವೆಲ್ಲ ಬದಲಾಗುತ್ತದೆ. ಬೆಂಗಳೂರಿನ ಮಾರತ್‌ಹಳ್ಳಿ ಹತ್ತಿರ ಕರುಣಾಶ್ರಯ ಇದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತಗೊಳ್ಳದೆ ನೋಡಿಕೊಳ್ಳುತ್ತಾರೆ. ಕುಟುಂಬವೆಲ್ಲ ಇಲ್ಲೇ ಇದ್ದರೆ, ಪ್ರಯಾಣ ಮಾಡುವ ಸ್ಥಿತಿ ಇಲ್ಲದಿದ್ದರೆ, ಅಲ್ಲಿ ಕೇಳಿ. ಆದರೆ ಅಪ್ಪ ಅಮ್ಮ ಊರಲ್ಲಿರುವ ಹುಡುಗನಿಗೆ ನಾನು ಊರೇ ಅನ್ನುತ್ತೇನೆ, ಅದೂ ಎದ್ದು ಕೂರೋಕೆ ಆಗುವಾಗಲೇ. "ಇನ್ನೊಂದು ಕೀಮೋ ನೋಡೋಣ, ನಾಟಿ ಮದ್ದು ನೋಡೋಣ" ಅಂತ ಎರಡು ತಿಂಗಳು ತಳ್ಳಿ, ಕೊನೆಗೆ ಆಂಬುಲೆನ್ಸಿಗೆ ಸಾಲ ಮಾಡಿದ ಮನೆಗಳಿವೆ.

ಹೊರಡುವ ಮುಂಚೆ ನೋವಿನ ಮಾರ್ಫಿನ್ ಮಾತ್ರೆ ದಾರಿಗೂ, ಅಲ್ಲಿ ಹೊಸ ಡಾಕ್ಟರು ಸಿಗುವವರೆಗೂ ಸಾಲುವಷ್ಟು ಕೇಳಿ. ಅದು ಎಲ್ಲ ಅಂಗಡಿಯಲ್ಲಿ ಸಿಗುವ ಮಾತ್ರೆ ಅಲ್ಲ, ಚೀಟಿ ಜೊತೆಗೇ ಇರಬೇಕು. ಮಾರ್ಫಿನ್ ಜೊತೆ ಮಲಬದ್ಧತೆಗೆ ಕೊಟ್ಟ ಔಷಧಿಯನ್ನೂ ಬಿಡಬಾರದು. ಕೆಳಗಿನ ಬರ್ತ್ ಬುಕ್ ಮಾಡಿಸಿ. ಊರಿಗೆ ತಲುಪುವ ಮೊದಲೇ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಗೆ ಫೋನ್ ಮಾಡಿ ನೋವಿನ ಮಾತ್ರೆ ಯಾವ ದಿನ, ಯಾವ ವಿಭಾಗದಲ್ಲಿ ಕೊಡುತ್ತಾರೆ ಅಂತ ಕೇಳಿ, ಹಿಂದಿಯಲ್ಲಿ ಬರೆಸಿ ಫೈಲಿನ ಮೊದಲ ಹಾಳೆಗೆ ಅಂಟಿಸಿ ಕೊಡಿ.